ಟ್ರೂಡೆಯ ಹೊಟ್ಟೆ

ನನ್ನ ಮಾವ ಎವಾಲ್ಡ್ ತಮ್ಮ ಹಳೆಯ ಗಣಿ ಗೆಳೆಯರಿಗೆ ನನ್ನನ್ನು ಪರಿಚಯಿಸುವುದು ಹೀಗೆ: "ಇವಳು ಆಲ್ಮೂತ್, ನನ್ನ ಸೊಸೆ. ಲೈಬ್ರರೀಲಿ ಕೆಲಸ. ಮನೇಲಿ ಮೊಲದ ಹಿಕ್ಕೆ ಎಣಿಸ್ತಾಳೆ."

ಗೆಳೆಯರು ನಗುತ್ತಾರೆ. ನಾನೂ ನಗುತ್ತೇನೆ, ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ಎಣಿಸುವುದಿಲ್ಲ, ಆದರೆ ನೋಡುತ್ತೇನೆ. ದಿನಾ ಬೆಳಿಗ್ಗೆ ಹಿತ್ತಿಲಿನ ಕೊಟ್ಟಿಗೆಗೆ ಹೋಗಿ, ಹುಲ್ಲಿನ ಬುಟ್ಟಿಯ ಕೆಳಗೆ ಬಿದ್ದದ್ದನ್ನು ಒಂದೆರಡು ಹೆಕ್ಕಿ ಬೆರಳಲ್ಲಿ ಒತ್ತಿ ನೋಡುತ್ತೇನೆ. ಮೊಲಕ್ಕೆ ನೋವಾದರೆ ಅದರ ಮುಖ ಹೇಳುವುದಿಲ್ಲ. ಬಾಯಿಯಂತೂ ಹೇಳುವುದೇ ಇಲ್ಲ. ಹೇಳುವುದು ಹಿಕ್ಕೆಯೊಂದೇ. ಕಡಲೆಕಾಳಿನ ಗಾತ್ರಕ್ಕೆ ದುಂಡಗಿದ್ದು, ಒತ್ತಿದಾಗ ಒಣಹುಲ್ಲಿನ ಪುಡಿಯಾಗಿ ಉದುರಿದರೆ ಆ ದಿನದ ಮಟ್ಟಿಗೆ ನನಗೆ ನೆಮ್ಮದಿ. ಸಣ್ಣದಾದರೆ, ಒಂದಕ್ಕೊಂದು ಕೂದಲಿನಿಂದ ಅಂಟಿಕೊಂಡಿದ್ದರೆ, ಮೆತ್ತಗಾದರೆ, ಲೈಬ್ರರಿಯಲ್ಲಿ ಕೂತು ದಿನವಿಡೀ ಅದನ್ನೇ ಯೋಚಿಸುತ್ತೇನೆ. ಮೊಲದ ಕರುಳು ಸುಮ್ಮನೆ ನಿಲ್ಲುವಂತಿಲ್ಲ. ಒಂದು ಕಡೆಯಿಂದ ಹುಲ್ಲು ಹೋಗುತ್ತಲೇ ಇರಬೇಕು, ಇನ್ನೊಂದು ಕಡೆಯಿಂದ ಬರುತ್ತಲೇ ಇರಬೇಕು. ಅರ್ಧ ದಿನ ನಿಂತರೂ ಜೀವಕ್ಕೇ ಕುತ್ತು.

ನಮ್ಮ ಮನೆ ಇರುವುದು ಹೆರ್ನೆ ಎಂಬ ಊರಿನ ಹಳೆಯ ಕಲ್ಲಿದ್ದಲು ಗಣಿ ಕಾಲೊನಿಯಲ್ಲಿ. ಕೆಳಗೆ ಮಾವ, ಮೇಲೆ ನಾನು ಮತ್ತು ನನ್ನ ಗಂಡ ರೈನರ್. ಹಿತ್ತಿಲ ಕೊನೆಯ ಕೊಟ್ಟಿಗೆಯಲ್ಲಿ ಮಾವ ನಲವತ್ತು ವರ್ಷ ಮೊಲ ಸಾಕಿದ್ದವರು. ಗಣಿಯ ಕೆಲಸದವರ ಮನೆಗಳಲ್ಲಿ ಎಲ್ಲರೂ ಸಾಕುತ್ತಿದ್ದರು. ಅದು ಖಾಲಿ ಬಿದ್ದು ಎಷ್ಟೋ ವರ್ಷವಾದ ಮೇಲೆ, ಮೂರು ವರ್ಷದ ಹಿಂದೆ, ನಾನು ಪ್ರಾಣಿ ಆಶ್ರಯಧಾಮದಿಂದ ಟ್ರೂಡೆ ಮತ್ತು ಓಟ್ಟೊ ಎಂಬ ಜೋಡಿಯನ್ನು ತಂದೆ. ಟ್ರೂಡೆ ಬೂದು ಬಣ್ಣದವಳು, ಗಲ್ಲದ ಕೆಳಗೆ ಶಾಲು ಹೊದ್ದಂತೆ ಮಡಿಕೆ, ಯಜಮಾನಿಕೆಯ ಸ್ವಭಾವ. ಓಟ್ಟೊ ಬಿಳಿ, ಮಂಕು, ಅವಳು ಬಿಟ್ಟುಕೊಟ್ಟದ್ದನ್ನು ತಿಂದು ಬದುಕುವವನು.

ಕೊಟ್ಟಿಗೆಯ ಬಾಗಿಲ ಒಳಗಡೆ ನಾನೊಂದು ಪಟ್ಟಿ ಅಂಟಿಸಿದ್ದೆ. ಒಣಹುಲ್ಲು ಎಷ್ಟಾದರೂ ಸರಿ. ಸೊಪ್ಪು ದಿನಕ್ಕೆ ಎರಡು ಹಿಡಿ. ಕ್ಯಾರೆಟ್ ವಾರಕ್ಕೊಮ್ಮೆ, ಬೆರಳಿನಷ್ಟು. ಅದರ ಕೆಳಗೆ ಕೊಡಬಾರದವು, ಅವುಗಳಲ್ಲಿ ಮೊದಲನೆಯದು ಬ್ರೆಡ್, ಎರಡು ಗೆರೆ ಎಳೆದು. ಮಾವ ಮೊದಲ ದಿನವೇ ಅದನ್ನು ಕನ್ನಡಕ ಏರಿಸಿಕೊಂಡು ಓದಿ, "ನನ್ನ ಊಟದ ಪಟ್ಟಿಗಿಂತ ಇದು ಪರವಾಗಿಲ್ಲ" ಎಂದಿದ್ದರು. ಅವರ ಊಟದ ಪಟ್ಟಿಯನ್ನೂ ನಾನೇ ಬರೆದು ಅಡುಗೆಮನೆಯಲ್ಲಿ ಅಂಟಿಸಿದ್ದೆ.

ಬೆಳಗಿನ ಕಾಫಿಯ ನಂತರ ಮಾವ ಕೊಟ್ಟಿಗೆಗೆ ಹೋಗಿ ಅರ್ಧ ಗಂಟೆ ಕೂತು ಬರುತ್ತಿದ್ದರು. ಸಿಗರೇಟ್ ಸೇದಲು ಹೋಗುತ್ತಾರೆ ಎಂದು ನನ್ನ ಲೆಕ್ಕಾಚಾರ. ಡಾಕ್ಟರು ಬೇಡವೆಂದಿದ್ದರೂ ಎಪ್ಪತ್ತೆಂಟರ ವಯಸ್ಸಿನವರಿಗೆ ದಿನಕ್ಕೊಂದು ಸಿಗರೇಟು ಇರಲಿ ಎಂದು ಕಂಡೂ ಕಾಣದಂತಿದ್ದೆ. ನನ್ನ ಉದಾರತನಕ್ಕೆ ನನಗೇ ಮೆಚ್ಚುಗೆಯಾಗಿತ್ತು.

ಆ ವರ್ಷ ಮಾರ್ಚ್‌ನಿಂದ ಟ್ರೂಡೆಯ ಹೊಟ್ಟೆ ಸರಿಯಿರಲಿಲ್ಲ. ಮೊಲಗಳು ಎರಡು ಬಗೆಯಲ್ಲಿ ಹಾಕುತ್ತವೆ. ಒಣ ಹಿಕ್ಕೆ ಒಂದು, ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯದು ಇನ್ನೊಂದು. ಮೆತ್ತನೆಯದನ್ನು ಅವು ತಾವೇ ತಿಂದುಬಿಡುತ್ತವೆ, ನಮ್ಮ ಕಣ್ಣಿಗೆ ಬೀಳಬಾರದು. ಟ್ರೂಡೆಯದು ಬೀಳತೊಡಗಿತು. ಹುಲ್ಲಿನ ಮೇಲೆ ಮೆತ್ತಿಕೊಂಡು, ಕೆಲವೊಮ್ಮೆ ಅವಳ ಹಿಂಭಾಗಕ್ಕೇ ಅಂಟಿಕೊಂಡು. ನಾನು ಉಗುರು ಬೆಚ್ಚಗಿನ ನೀರಲ್ಲಿ ತೊಳೆದೆ. ಕ್ಯಾರೆಟ್ ನಿಲ್ಲಿಸಿದೆ. ಸೊಪ್ಪು ಕಡಿಮೆ ಮಾಡಿದೆ. ಒಣಹುಲ್ಲನ್ನು ಮೂರು ಸಲ ಬದಲಾಯಿಸಿದೆ, ಕೊನೆಗೆ ಬೆಟ್ಟದ ಕಡೆಯ ರೈತನೊಬ್ಬನ ಹುಲ್ಲನ್ನೇ ತರಿಸಿದೆ. ಪ್ರತಿ ಸಲವೂ ಮಾವ ಮೂಟೆ ಇಳಿಸಲು ಕೈಹಾಕುತ್ತ, "ಇದು ಒಳ್ಳೇ ಘಮ ಇದೆ, ಇದ್ರಲ್ಲಿ ವಾಸಿಯಾಗ್ತಾಳೆ ಬಿಡು" ಎನ್ನುತ್ತಿದ್ದರು.

ವಾಸಿಯಾಗಲಿಲ್ಲ. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಟ್ರೂಡೆ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತಿದ್ದಳು. ಕಣ್ಣು ಅರ್ಧ ಮುಚ್ಚಿತ್ತು. ಮುಂದೆ ಹಿಡಿದ ಸೊಪ್ಪಿನಿಂದ ಮುಖ ತಿರುಗಿಸಿದಳು. ಹತ್ತಿರ ಬಗ್ಗಿದರೆ ಹಲ್ಲು ಕಡಿಯುವ ಸಣ್ಣ ಸದ್ದು. ಬುಟ್ಟಿಯ ಕೆಳಗೆ ಓಟ್ಟೊನ ಹಿಕ್ಕೆಗಳು ಮಾತ್ರ. ಅವನದು ದೊಡ್ಡದು, ತಿಳಿ ಬಣ್ಣದ್ದು, ನನಗೆ ಗೊತ್ತಾಗುತ್ತದೆ. ಅವಳದು ಒಂದೂ ಇರಲಿಲ್ಲ. ಹೊಟ್ಟೆಗೆ ಕಿವಿಯಿಟ್ಟೆ. ಯಾವಾಗಲೂ ಗುಳುಗುಳು ಎನ್ನುತ್ತಿದ್ದ ಹೊಟ್ಟೆ ಸುಮ್ಮನಿತ್ತು.

ರೈನರ್ ರೈಲು ಓಡಿಸುವವನು, ಬೆಳಿಗ್ಗೆ ಐದಕ್ಕೇ ಡ್ಯೂಟಿಗೆ ಹೋಗಿದ್ದ. ಭಾನುವಾರ ತೆರೆದಿದ್ದ ಪಶುವೈದ್ಯರು ಪಕ್ಕದೂರಾದ ಬೋಖುಮ್‌ನಲ್ಲಿ ಸಿಕ್ಕರು. ನಾನು ಕಾರು ಓಡಿಸುತ್ತ ಅವಳನ್ನೂ ನೋಡಿಕೊಳ್ಳಲು ಸಾಧ್ಯವಿರಲಿಲ್ಲ. ಮಾವ ಕೇಳದೆಯೇ ಹೊರಟು ನಿಂತರು, ಮೊಲದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಓಟ್ಟೊ ಯಾಕೆ ಇದ್ರಲ್ಲಿ? ಅವನಿಗೇನಾಗಿದೆ ಧಾಡಿ?"

"ಒಬ್ಳೇ ಆದ್ರೆ ಹೆದರ್ತಾಳೆ ಮಾವ. ಅಲ್ಲದೆ ವಾಪಸ್ ಬರುವಾಗ ಅವಳ ಮೈಗೆ ಆಸ್ಪತ್ರೆ ವಾಸನೆ ಹತ್ತಿರುತ್ತೆ. ಇವನು ಗುರುತು ಹಿಡೀದೆ ಕಚ್ತಾನೆ."

"ನನ್ನ ಸೊಂಟದ ಆಪರೇಶನ್‌ಗೆ ಯಾರೂ ಬಂದು ಪಕ್ಕದಲ್ಲಿ ಮಲಗ್ಲಿಲ್ಲ."

"ನೀವು ಒದೀತಿದ್ರಿ."

ಮಾವ ನಗಲಿಲ್ಲ. ಪೆಟ್ಟಿಗೆಯ ಸರಳುಗಳ ನಡುವೆ ಎರಡು ಬೆರಳು ತೂರಿಸಿ ಅವಳ ಹಣೆ ಸವರುತ್ತಿದ್ದರು. ದಾರಿಯುದ್ದಕ್ಕೂ ಹಾಗೇ ಸವರಿದರು.

ಡಾಕ್ಟರ್ ಹೋಲ್ಟ್ ಎಂಬ ಹೆಂಗಸು, ನನಗಿಂತ ಚಿಕ್ಕವರು, ಶಾಂತವಾಗಿದ್ದರು. ಹೊಟ್ಟೆ ಮುಟ್ಟಿ ನೋಡಿದರು, ಎಕ್ಸ್-ರೇ ತೆಗೆದರು, ಪರದೆಯ ಮೇಲೆ ನನಗೂ ತೋರಿಸಿದರು. ಜಠರ ಊದಿಕೊಂಡಿತ್ತು. ಒಳಗೆ ಬೆಳ್ಳಗೆ ಗಟ್ಟಿಯಾದೊಂದು ಉಂಡೆ, ಅದರ ಸುತ್ತ ಕಪ್ಪಗೆ ಗಾಳಿ.

"ಇದು ತಿಂದಿದ್ದು ಹೆಪ್ಪುಗಟ್ಟಿರಬಹುದು. ಇಲ್ಲಾ ಬೇರೆ ಏನಾದ್ರೂ ಸಿಕ್ಕಿಹಾಕ್ಕೊಂಡಿರಬಹುದು. ಕಂಬಳಿ, ರತ್ನಗಂಬಳಿ, ಪ್ಲಾಸ್ಟಿಕ್ ಕಡಿಯೋ ಅಭ್ಯಾಸ ಇದ್ಯಾ?"

"ಇಲ್ಲ ಡಾಕ್ಟ್ರೇ. ಅಂಥದ್ದು ಯಾವ್ದೂ ನಾನು ಇಟ್ಟಿಲ್ಲ."

"ಏನೇನು ತಿಂತಾಳೆ?"

ನಾನು ಹೇಳಿದೆ. ಒಣಹುಲ್ಲಿನ ಊರಿನ ಹೆಸರು ಸಮೇತ, ಸೊಪ್ಪಿನ ತೂಕ ಸಮೇತ ಹೇಳಿದೆ. ಅವರು ಬರೆದುಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದರು.

"ಬೇರೆ ಯಾರಾದ್ರೂ ತಿನ್ನಿಸ್ತಾರಾ? ಅಕ್ಕಪಕ್ಕದ ಮಕ್ಕಳು? ಮನೆಯವರು?"

"ಯಾರೂ ಇಲ್ಲ. ನಾನೊಬ್ಳೇ."

"ಖಂಡಿತಾ?"

"ಖಂಡಿತಾ."

ಅವರು ಪೆನ್ನು ಕೆಳಗಿಟ್ಟರು. "ನೋಡಿ, ಇದು ಬರೀ ತಿಂದಿದ್ದೇ ಆದ್ರೆ ದ್ರವ ಕೊಡ್ತೀನಿ, ನೋವಿಗೆ ಕೊಡ್ತೀನಿ, ಕರುಳು ಓಡೋದಕ್ಕೆ ಔಷಧಿ ಕೊಡ್ತೀನಿ, ಕಾಯೋಣ. ಆದ್ರೆ ನಿಜವಾಗ್ಲೂ ಅಡ್ಡ ಸಿಕ್ಕಿದ್ರೆ ಆ ಔಷಧಿ ಕೊಡೋ ಹಾಗಿಲ್ಲ, ಜಠರ ಒಡೆದುಹೋಗುತ್ತೆ. ತೆರೆದು ತೆಗೀಬೇಕು. ನೀವು ಹೇಳೋ ಊಟದಿಂದ ಇಂಥ ಉಂಡೆ ಆಗಲ್ಲ. ಹಾಗಾಗಿ ನಾನು ಎರಡನೇದನ್ನೇ ನಂಬಬೇಕಾಗುತ್ತೆ."

"ತೆರೆದ್ರೆ?"

"ಇಷ್ಟು ಸೋತಿರೋ ಮೊಲಕ್ಕೆ ಆಪರೇಶನ್ ಮಾಡಿದ್ರೆ ಉಳಿಯೋದು ಕಡಿಮೆ. ನಿಮ್ಮ ಹತ್ರ ಸುಳ್ಳು ಹೇಳಲ್ಲ."

ಸಹಿ ಹಾಕಬೇಕಾದ ಕಾಗದ ಕೊಟ್ಟು, ಯೋಚಿಸಲು ಹತ್ತು ನಿಮಿಷ ಕೊಟ್ಟರು. ನಾನು ಹೊರಗೆ ಬಂದೆ. ಕಾಯುವ ಕೋಣೆಯಲ್ಲಿ ಕಾಲಿಗೆ ಪಟ್ಟಿ ಸುತ್ತಿದ ನಾಯಿಯೊಂದು ತನ್ನ ಒಡತಿಯ ಚಪ್ಪಲಿಯ ಮೇಲೆ ಮಲಗಿತ್ತು. ಮಾವ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಲೇ ಕಾಗದವನ್ನು ಮಂಡಿಯ ಮೇಲಿಟ್ಟು ನನ್ನ ಹೆಸರು ಬರೆಯಬೇಕಾದ ಜಾಗ ಹುಡುಕಿದೆ.

"ಸಹಿ ಹಾಕ್ಬೇಡ," ಎಂದರು ಮಾವ.

"ಬೇರೆ ದಾರಿ ಇಲ್ಲ ಮಾವ."

"ಹಾಕ್ಬೇಡ ಅಂದೆನಲ್ಲ." ಕೋಟಿನ ಜೇಬಿಗೆ ಕೈಹಾಕಿದರು. ಕರ್ಚೀಫಿನ ಜೊತೆ ಎರಡು ಕಂದು ತುಂಡು ಹೊರಗೆ ಬಂದವು. ಅವನ್ನು ನಮ್ಮಿಬ್ಬರ ನಡುವಿನ ಖಾಲಿ ಕುರ್ಚಿಯ ಮೇಲಿಟ್ಟರು. ಕಟ್ ಎಂದು ಸದ್ದಾಯಿತು.

"ಇದೇನು?"

"ಬ್ರೆಡ್ಡು."

"ಬ್ರೆಡ್ಡು ಅಂತ ನಂಗೂ ಕಾಣ್ತಿದೆ. ನಿಮ್ಮ ಜೇಬಲ್ಲಿ ಯಾಕಿದೆ?"

"ಬ್ರೆಡ್ಡಿನ ತುದಿ. ಹೀಟರ್ ಮೇಲಿಟ್ಟು ಒಣಗಿಸಿದ್ದು. ಗಟ್ಟಿ ಇದ್ರೆ ಹಲ್ಲು ಸವೆಯುತ್ತೆ, ಮೊಲಕ್ಕೆ ಒಳ್ಳೇದು. ನಮ್ಮಪ್ಪನೂ ಕೊಡ್ತಿದ್ದ."

"ಯಾವಾಗಿಂದ?"

"ಆಸ್ಪತ್ರೆಯಿಂದ ಬಂದ್ಮೇಲೆ. ಫೆಬ್ರವರಿ ಕೊನೆ."

"ದಿನಾ?"

"ದಿನಾ ಒಂದು. ನಿನ್ನೆ..." ಟೋಪಿ ಇನ್ನೊಂದು ಸುತ್ತು ತಿರುಗಿತು. "ನಿನ್ನೆ ನಾಲ್ಕು."

"ನಾಲ್ಕಾ!"

"ಕಿರುಚಬೇಡ, ನಾಯಿ ಎದ್ಬಿಡ್ತು. ಮಂಡಿ ಮೇಲೆ ಎರಡೂ ಕಾಲಿಟ್ಟು ಕೇಳಿದ್ಲು ಆಲ್ಮೂತ್. ಇಲ್ಲ ಅನ್ನೋಕಾಗ್ಲಿಲ್ಲ."

ಬೈಯಲು ಸಮಯವಿರಲಿಲ್ಲ. ತುಂಡುಗಳನ್ನು ಹಿಡಿದು ಒಳಗೆ ಓಡಿದೆ. ಡಾಕ್ಟರ್ ಹೋಲ್ಟ್ ಒಂದನ್ನು ಮೇಜಿನ ಮೇಲೆ ಕುಟ್ಟಿ ನೋಡಿ, ಎಕ್ಸ್-ರೇಯ ಕಡೆ ತಿರುಗಿ, ಉದ್ದವಾಗಿ ಉಸಿರು ಬಿಟ್ಟರು.

"ಅಜ್ಜಂದಿರ ಬ್ರೆಡ್ಡು. ಈ ಊರಲ್ಲಿ ಇದು ಮುಗಿಯೋದೇ ಇಲ್ಲ. ಒಳಗೆ ಹೋಗಿ ನೆನೆದು ಹಿಟ್ಟಾಗಿ ಊದ್ಕೊಂಡಿದೆ. ಸದ್ಯ, ಈಗ್ಲಾದ್ರೂ ಹೇಳಿದ್ರಲ್ಲ." ಸಹಿಯಿಲ್ಲದ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡರು. "ಕಾಯೋಣ."

ಮಧ್ಯಾಹ್ನ ಎರಡಕ್ಕೆ ಟ್ರೂಡೆಯನ್ನು ಕೊಟ್ಟರು. ಚರ್ಮದಡಿ ದ್ರವ ತುಂಬಿಸಿದ್ದರಿಂದ ಅವಳ ಹೆಗಲ ಮೇಲೊಂದು ಉಬ್ಬು. ಮೂರು ಔಷಧಿ. ನೀರಲ್ಲಿ ಕಲಸಿ ಸಿರಿಂಜಿನಿಂದ ಬಾಯಿಗೆ ಬಿಡಬೇಕಾದ ಹುಲ್ಲಿನ ಪುಡಿ. ಹೊಟ್ಟೆ ನೀವಬೇಕು, ಮೆತ್ತಗೆ, ಆಗಾಗ. ನಾಳೆ ಮಧ್ಯಾಹ್ನದೊಳಗೆ ಹಿಕ್ಕೆ ಬರಬೇಕು. ಬರದಿದ್ದರೆ ಮತ್ತೆ ಕರೆತರಬೇಕು, ಆಗ ಮಾತು ಬೇರೆ.

ಹೆದ್ದಾರಿಗೆ ಬಂದ ಮೇಲೆ ನನಗೆ ಸಿಟ್ಟು ಬಂತು. ಬರಬೇಕಾದ್ದಕ್ಕಿಂತ ತಡವಾಗಿ ಬಂದದ್ದರಿಂದ ಜೋರಾಗಿಯೇ ಬಂತು.

"ಮೂರು ಸಲ ಹುಲ್ಲು ಬದಲಾಯಿಸ್ದೆ. ಮೂಟೆ ನೀವೇ ಇಳಿಸಿದ್ರಿ. ಎರಡು ತಿಂಗಳಿಂದ ನಂದೇ ತಪ್ಪು ಅಂದ್ಕೊಂಡು ಅವಳ ಹಿಂಭಾಗ ತೊಳೀತಿದ್ದೀನಿ. ನೋಡ್ಕೊಂಡು ಸುಮ್ನಿದ್ರಾ?"

"ಬ್ರೆಡ್ಡಿಂದ ಅಂತ ಗೊತ್ತಿರ್ಲಿಲ್ಲ."

"ಬಾಗಿಲ ಮೇಲೆ ಬರೆದಿದ್ದೀನಿ!"

"ಓದಿದ್ದೀನಿ. ನಲವತ್ತು ವರ್ಷ ಬ್ರೆಡ್ಡು ಕೊಟ್ಟಿದ್ದೀನಿ ಹುಡುಗಿ. ಒಂದೇ ಒಂದು ಮೊಲ ಹೊಟ್ಟೆ ಕೆಟ್ಟು ಸತ್ತಿಲ್ಲ."

"ಎಷ್ಟು ದಿನ ಬದುಕ್ತಿದ್ವು ನಿಮ್ಮ ಮೊಲ?"

ಮಾವ ಬಾಯಿ ತೆರೆದು, ಮುಚ್ಚಿದರು. ನಾನು ಮುಂದಿದ್ದ ಲಾರಿಯೊಂದನ್ನು ದಾಟಿದೆ.

"ಕ್ರಿಸ್‌ಮಸ್ ತನಕ," ಎಂದರು ಮಾವ.

ನಾನು ನಗಬಾರದೆಂದು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದೆ. ಪಕ್ಕದಿಂದ ಸಣ್ಣ ಕೆಮ್ಮಿನಂಥ ಸದ್ದು ಬಂತು. ಅವರೂ ಅದೇ ಪಾಡಿನಲ್ಲಿದ್ದರು. ವಸಂತದಲ್ಲಿ ಹುಟ್ಟಿ ಡಿಸೆಂಬರ್‌ನಲ್ಲಿ ಹುರಿದು ತಟ್ಟೆಗೆ ಬರುತ್ತಿದ್ದ ಮೊಲಗಳು. ಬ್ರೆಡ್ಡು ಅವುಗಳ ಕರುಳಿಗೆ ಏನು ಮಾಡುತ್ತದೆಂದು ತಿಳಿಯಲು ಯಾರಿಗೂ ಪುರುಸೊತ್ತೇ ಸಿಕ್ಕಿರಲಿಲ್ಲ. ಇಡೀ ಕಾಲೊನಿ ತಲೆಮಾರುಗಳಿಂದ ನಂಬಿಕೊಂಡು ಬಂದದ್ದು ಆ ಎಂಟು ತಿಂಗಳ ಅನುಭವವನ್ನು.

"ಪೆಟ್ಟಿಗೆಯಲ್ಲಿರೋರಿಗೆ ಕೇಳಿಸ್ಬೇಡಿ," ಎಂದೆ.

ಮನೆಯಲ್ಲಿ ಮಾವನ ಅಡುಗೆಮನೆಯ ನೆಲಕ್ಕೆ ಹಳೆಯ ಚಾದರ ಹಾಸಿದೆವು. ನಾನು ಸಿರಿಂಜನ್ನು ಅವಳ ಬಾಯಿಗಿಟ್ಟೆ. ಟ್ರೂಡೆ ತಲೆ ಕೊಡವಿ ಹಸಿರು ಗಂಜಿಯನ್ನು ನನ್ನ ಕುಪ್ಪಸದ ಮೇಲೆಲ್ಲ ಉಗಿದಳು. ಮಾವ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೇಜಿನ ಅಂಚು ಹಿಡಿದು, ಹೊಸ ಸೊಂಟವನ್ನು ಬೈಯುತ್ತ, ನೆಲಕ್ಕೆ ಇಳಿದರು. ಟವೆಲಿನಲ್ಲಿ ಅವಳನ್ನು ಒಂದೇ ಸಲಕ್ಕೆ ಸುತ್ತಿ, ತಮ್ಮ ಹೊಟ್ಟೆಗೆ ಆನಿಸಿ ಹಿಡಿದರು. ಅವಳು ಮಿಸುಕಲಿಲ್ಲ. ನಲವತ್ತು ವರ್ಷ ಮೊಲ ಹಿಡಿದ ಕೈ. ಆ ಕೈ ಆಗ ಯಾವುದಕ್ಕಾಗಿ ಹಿಡಿಯುತ್ತಿತ್ತೆಂದು ಯೋಚಿಸದಿರಲು ಪ್ರಯತ್ನಿಸಿದೆ.

"ಬಾಯಿ ಮೂಲೆಯಿಂದ ಬಿಡು, ಹಲ್ಲಿನ ಹಿಂದೆ ಜಾಗ ಇದೆ. ನುಂಗೋ ತನಕ ಕಾಯಿ. ಹಾಂ. ಈಗ ಇನ್ನೊಂದು ಚೂರು."

ರೈನರ್ ಸಂಜೆ ಬಂದವನು ನಮ್ಮಿಬ್ಬರನ್ನೂ ನೆಲದ ಮೇಲೆ ನೋಡಿ, "ಯಾರು ಬಿದ್ದಿದ್ದು?" ಎಂದು ಗಾಬರಿಯಾದ. ಯಾರೂ ಬಿದ್ದಿಲ್ಲವೆಂದು ತಿಳಿದ ಮೇಲೆ ಮೂವರಿಗೂ ಮೊಟ್ಟೆ ಹುರಿದ.

ಸೋಮವಾರ ನಾನು ಲೈಬ್ರರಿಗೆ ಫೋನ್ ಮಾಡಿ, ಮನೆಯಲ್ಲಿ ಹುಷಾರಿಲ್ಲ ಎಂದು ರಜೆ ಹೇಳಿದೆ. ಟ್ರೂಡೆ ಅದೇ ಚಾದರದ ಮೇಲೆ ಓಟ್ಟೊನಿಗೆ ಒರಗಿ ಕೂತಿದ್ದಳು. ಓಟ್ಟೊ ಅವಳ ಕಿವಿ ನೆಕ್ಕುತ್ತಿದ್ದ. ಒಂಬತ್ತಾಯಿತು, ಹತ್ತಾಯಿತು, ಹಿಕ್ಕೆಯಿಲ್ಲ. ಸರದಿಯ ಮೇಲೆ ಹೊಟ್ಟೆ ನೀವಿದೆವು. ನಾನು ನೀವುವಾಗ ಗಡಿಯಾರ ನೋಡುತ್ತಿದ್ದೆ. ಮಾವ ನೀವುವಾಗ ಅವಳ ಜೊತೆ ಮಾತಾಡುತ್ತಿದ್ದರು, ಹಳೆಯ ಗಣಿಯ ಮೇಸ್ತ್ರಿಗಳ ಹೆಸರು ಹಿಡಿದು ಬೈಯುತ್ತ, ಅವರಿಗಿಂತ ನೀನು ಹಟಮಾರಿ ಎನ್ನುತ್ತ.

"ಯಾಕೆ ಮಾವ?" ಎಂದೆ. ಸಿಟ್ಟು ಎಲ್ಲೋ ಮುಗಿದಿತ್ತು. "ಕೊಡಬಾರ್ದು ಅಂತ ಗೊತ್ತಿದ್ದೂ ಯಾಕೆ?"

ಅವರ ಹೆಬ್ಬೆರಳುಗಳು ಅವಳ ಪಕ್ಕೆಯ ಮೇಲೆ ನಿಧಾನಕ್ಕೆ ಸುತ್ತುತ್ತಿದ್ದವು.

"ಮುಂಚೆ ರೈಲುದಾರಿ ದಿಣ್ಣೆಗೆ ಹೋಗಿ ಸೊಪ್ಪು ಕೊಯ್ದು ತರ್ತಿದ್ದೆ. ಆಪರೇಶನ್ ಆದ್ಮೇಲೆ ನೀನು ಬೇಡ ಅಂದೆ. ಜಾರ್ತೀರಿ ಅಂದೆ. ಕುಡುಗೋಲು ಎತ್ತಿಟ್ಟೆ. ಸರಿ. ಆದ್ರೆ ಬೆಳಿಗ್ಗೆ ಕೊಟ್ಟಿಗೆಗೆ ಹೋದ್ರೆ ಇವಳು ಓಡಿ ಬರ್ತಾಳೆ, ನನ್ನ ಕೈ ಮೂಸ್ತಾಳೆ. ಏನೂ ಇಲ್ಲ ಅಂದ್ರೆ ನನ್ನ ಮುಖ ನೋಡಿ ತಿರುಗಿ ಹೋಗ್ತಾಳೆ. ಬರಿಗೈಲಿ ಎಷ್ಟು ದಿನ ಹೋಗ್ಲಿ?"

ಕುಡುಗೋಲನ್ನು ನಾನು ಎತ್ತಿಟ್ಟದ್ದು ನಿಜ. ಎಲ್ಲಿ ಇಟ್ಟಿದ್ದೇನೆಂದು ಹೇಳಿಯೂ ಇರಲಿಲ್ಲ. ಅವರು ಬಿದ್ದರೆ ಎಂಬ ಭಯದಲ್ಲಿ ನಾನು ಮಾಡಿದ ಕೆಲಸ ಅದು. ಭಯವೇನೂ ಸುಳ್ಳಲ್ಲ, ಈಗಲೂ ಇದೆ. ಆದರೆ ಅವರು ನನ್ನಿಂದ ಮುಚ್ಚಿಟ್ಟುಕೊಂಡು ಜೇಬಿನಲ್ಲಿ ಬ್ರೆಡ್ ಒಯ್ಯುವಂತಾದದ್ದೂ ಅದೇ ಭಯದಿಂದ. ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂದು ಆ ಕ್ಷಣದಲ್ಲೂ ನನ್ನ ಮನಸ್ಸು ಹುಡುಕಿತು. ನನ್ನ ಮನಸ್ಸು ಇರುವುದೇ ಹಾಗೆ.

ಹನ್ನೊಂದೂಕಾಲಿಗೆ ಮಾವ, "ಏಯ್, ತಡಿ ತಡಿ" ಎಂದರು.

ಅವರ ಪ್ಯಾಂಟಿನ ಮಡಿಕೆಯಲ್ಲಿ ಮೂರು ಹಿಕ್ಕೆ. ಮೆಣಸಿನ ಕಾಳಿಗಿಂತ ಚಿಕ್ಕವು, ಕಪ್ಪಗೆ, ಒಂದು ಸೊಟ್ಟ, ಎರಡು ಕೂದಲಿನಿಂದ ಜೋಡಿಕೊಂಡವು. ಮಾವ ಅವನ್ನು ಅಂಗೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ನಾನೂ ಬಗ್ಗಿದೆ. ಒಂದನ್ನು ಒತ್ತಿ ನೋಡಿದೆ. ಒಳಗೆ ಹುಲ್ಲಿನ ನಾರು ಇತ್ತು.

"ನಾರಿದೆ ಮಾವ."

"ಇದ್ಯಾ?"

"ಇದೆ, ನೋಡಿ ಇಲ್ಲಿ."

"ಕನ್ನಡಕ ಇಲ್ಲ. ನೀನು ಇದೆ ಅಂದ್ರೆ ಇದೆ." ಅವರ ಕಣ್ಣು ಒದ್ದೆಯಾಗಿತ್ತು. "ನೆಗಡಿ," ಎಂದರು, ನಾನು ಕೇಳುವ ಮೊದಲೇ.

ಮಧ್ಯಾಹ್ನದೊಳಗೆ ಇನ್ನೂ ಒಂದು ಡಜನ್ ಬಂದವು, ಒಂದಕ್ಕಿಂತ ಒಂದು ದುಂಡಗೆ. ಡಾಕ್ಟರ್ ಹೋಲ್ಟ್‌ಗೆ ಫೋನ್ ಮಾಡಿ ಗಾತ್ರ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಒಣಹುಲ್ಲು ಮುಂದಿಡಿ, ಮುಟ್ಟಿದರೆ ಗೆದ್ದಂತೆ ಎಂದರು.

ಒಣಹುಲ್ಲು ಇಟ್ಟೆ. ಟ್ರೂಡೆ ಮೂಸಿ ಬಿಟ್ಟಳು. ನಾನು ನೆಲಮಾಳಿಗೆಗೆ ಹೋಗಿ, ಪೇಂಟಿನ ಡಬ್ಬಿಗಳ ಹಿಂದಿನಿಂದ ಕುಡುಗೋಲು ತಂದು ಮೇಜಿನ ಮೇಲಿಟ್ಟೆ.

ಮಾವ ಅದನ್ನೂ ನನ್ನನ್ನೂ ನೋಡಿದರು.

"ದಿಣ್ಣೆ ಹತ್ತೋ ಹಾಗಿಲ್ಲ," ಎಂದೆ. "ಕೆಳಗೆ ಸಮತಟ್ಟಾಗಿರೋ ಕಡೆ ಮಾತ್ರ. ಬ್ಲ್ಯಾಕ್‌ಬೆರಿ ಎಳೆ ಚಿಗುರು ಸಿಕ್ಕಿದ್ರೆ ತನ್ನಿ, ಹೊಟ್ಟೆಗೆ ಒಳ್ಳೇದು ಅಂತ ಓದಿದ್ದೀನಿ."

"ಓದಿದ್ಯಾ. ನಮ್ಮಮ್ಮ ಓದದೇನೇ ಕೊಡ್ತಿದ್ಲು." ಆಗಲೇ ಟೋಪಿ ತಲೆಯ ಮೇಲಿತ್ತು.

ಮುಕ್ಕಾಲು ಗಂಟೆಯಲ್ಲಿ ವಾಪಸ್ ಬಂದರು. ಆ ಮುಕ್ಕಾಲು ಗಂಟೆ ನಾನು ಕಿಟಕಿಯಲ್ಲೇ ಇದ್ದೆ, ಅದನ್ನು ಅವರಿಗೆ ಹೇಳಲಿಲ್ಲ. ತಂದದ್ದು ಒಂದೇ ಹಿಡಿ. ಬ್ಲ್ಯಾಕ್‌ಬೆರಿ ಚಿಗುರು, ಮುಳ್ಳು ಸವರಿ ತೆಗೆದದ್ದು. ಚಾದರದ ಪಕ್ಕ ಕೂತು ಒಂದೆಲೆಯನ್ನು ಅವಳ ಮೂಗಿನ ಮುಂದೆ ಹಿಡಿದರು. ಮೂಗು ಅಲುಗಿತು. ಮೀಸೆ ಮುಂದೆ ಬಂತು. ಅವಳು ಎಲೆಯ ಅಂಚನ್ನು ಕಚ್ಚಿ, ಎಳೆದುಕೊಂಡು, ತಿನ್ನತೊಡಗಿದಳು, ಕಾಗದ ಹರಿಯುವಂಥ ಆ ಸಣ್ಣ ಸದ್ದಿನಲ್ಲಿ. ಎರಡನೆಯದಕ್ಕೆ ಓಟ್ಟೊ ಬಾಯಿ ಚಾಚಿದ. ಅವಳು ಅವನ ತಲೆಯನ್ನು ತನ್ನ ಗಲ್ಲದಿಂದ ಕೆಳಗೆ ಒತ್ತಿ, ಅದನ್ನೂ ತಾನೇ ತೆಗೆದುಕೊಂಡಳು.

"ವಾಸಿಯಾಯ್ತು ಬಿಡು," ಎಂದರು ಮಾವ. "ದುರಾಸೆ ವಾಪಸ್ ಬಂತು."

ನಾನು ಅವರ ಪಕ್ಕ ನೆಲದ ಮೇಲೆ ಕೂತೆ.

"ಮಾವ, ಇನ್ಮೇಲೆ ಏನು ಕೊಟ್ರೂ ನಂಗೆ ಹೇಳ್ಬೇಕು. ಏನೇ ಆಗ್ಲಿ."

"ಹೇಳ್ತೀನಿ. ಆದ್ರೆ ನೀನು ಬೈಬಾರ್ದು."

ಹಾಗೆಂದು ಮಾತು ಕೊಡಬಹುದಿತ್ತು. ಆದರೆ ನನ್ನನ್ನು ನಾನು ಬಲ್ಲೆ.

"ಬೈತೀನಿ ಮಾವ," ಎಂದೆ. "ಆದ್ರೂ ಹೇಳಿ."

ಅವರು ತಲೆಯಾಡಿಸಿ ಇನ್ನೊಂದು ಎಲೆ ಆರಿಸಿದರು. ಮೊದಲು ನನ್ನ ಕಡೆ ಹಿಡಿದು ತೋರಿಸಿದರು, ನಾನು ಹೂಂ ಎಂದ ಮೇಲೆ ಅವಳಿಗೆ ಕೊಟ್ಟರು.